ಕಂತು ಕಟ್ಟುತ್ತಿದ್ದರೂ ಸಾಲ ಕರಗುವುದಿಲ್ಲವೇಕೆ? ತೀರಿಸುವ ಲೆಕ್ಕ ಮತ್ತು ದಾರಿ

2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗಿತು. ಕಿರುಸಾಲದ (ಮೈಕ್ರೊಫೈನಾನ್ಸ್) ಕಂತು ಕಟ್ಟಲಾಗದೆ ಊರು ಬಿಟ್ಟವರು, ಮನೆ ಬಾಗಿಲಲ್ಲಿ ವಸೂಲಿಗಾರರ ಕಿರುಕುಳಕ್ಕೆ ಬೇಸತ್ತವರು, ಪ್ರಾಣವನ್ನೇ ಕಳೆದುಕೊಂಡವರು. ಫೆಬ್ರುವರಿ 12ರಂದು ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಬಲವಂತ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಅಂದಿನಿಂದ ಜನ ಕೇಳುತ್ತಿರುವ ಪ್ರಶ್ನೆ ಎರಡು: ನಮ್ಮ ಸಾಲ ಮನ್ನಾ ಆಯಿತೇ? ಆಗಿಲ್ಲವೆಂದರೆ, ಇಷ್ಟು ವರ್ಷ ಕಟ್ಟಿದರೂ ಇದು ಮುಗಿಯುತ್ತಿಲ್ಲವೇಕೆ?

ಮೊದಲ ಪ್ರಶ್ನೆಗೆ ಬಹುತೇಕರ ಮಟ್ಟಿಗೆ ಉತ್ತರ ‘ಇಲ್ಲ’. ಕಾರಣ ಮುಂದೆ ಬರುತ್ತದೆ. ಎರಡನೆಯದಕ್ಕೆ ಉತ್ತರ ಲೆಕ್ಕದಲ್ಲಿದೆ. ಆ ಲೆಕ್ಕ ಕಷ್ಟದ್ದಲ್ಲ. ಆದರೆ ಸಾಲ ಕೊಡುವವರು ಅದನ್ನು ಬಿಡಿಸಿ ಹೇಳುವುದು ಅಪರೂಪ.

ಕಂತಿನ ಒಳಗೆ ಏನಿದೆ

ಕೈಗೆ ಬಂದ ಹಣ ಅಸಲು. ಆ ಹಣವನ್ನು ಇಟ್ಟುಕೊಂಡಿದ್ದಕ್ಕೆ ಕೊಡುವ ಬಾಡಿಗೆ ಬಡ್ಡಿ. ಪ್ರತಿ ಕಂತಿನಿಂದಲೂ ಮೊದಲು ಆ ತಿಂಗಳ ಬಡ್ಡಿ ಕಳೆಯುತ್ತಾರೆ, ಉಳಿದದ್ದು ಅಸಲಿಗೆ ಹೋಗುತ್ತದೆ. ಮುಂದಿನ ತಿಂಗಳ ಬಡ್ಡಿ ಉಳಿದ ಅಸಲಿನ ಮೇಲೆ.

30 ಲಕ್ಷ ರೂಪಾಯಿ ಗೃಹಸಾಲ, ಶೇ 8.5 ಬಡ್ಡಿ, 20 ವರ್ಷ ಅವಧಿ ಎಂದುಕೊಳ್ಳಿ. ತಿಂಗಳ ಸಮಾನ ಕಂತು, ಅಂದರೆ ಇಎಂಐ, ಸುಮಾರು 26,035 ರೂಪಾಯಿ. ಮೊದಲ ತಿಂಗಳು ಅದರಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 4,785 ರೂಪಾಯಿ ಮಾತ್ರ. ವರ್ಷವಿಡೀ ಕಟ್ಟಿ ಸ್ಟೇಟ್‌ಮೆಂಟ್ ತೆಗೆಸಿದವರಿಗೆ ಬಾಕಿ 60 ಸಾವಿರದಷ್ಟು ಮಾತ್ರ ಇಳಿದದ್ದು ಕಂಡು ಗಾಬರಿಯಾಗುವುದು ಇದರಿಂದಲೇ. ಬ್ಯಾಂಕು ಮೋಸ ಮಾಡಿಲ್ಲ. ಆರಂಭದಲ್ಲಿ ಅಸಲು ದೊಡ್ಡದು, ಹಾಗಾಗಿ ಬಡ್ಡಿಯೂ ದೊಡ್ಡದು.

ಇದೇ ಕಾರಣಕ್ಕೆ ಆರಂಭದ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ ಹಣಕ್ಕೆ ಬೆಲೆ ಹೆಚ್ಚು. ಮೇಲಿನ ಸಾಲಕ್ಕೆ ಮೊದಲ ವರ್ಷದ ಕೊನೆಗೆ 1 ಲಕ್ಷ ಹೆಚ್ಚಿಗೆ ಕಟ್ಟಿ, ಇಎಂಐ ಹಾಗೇ ಇಟ್ಟು ಅವಧಿ ಕಡಿಮೆ ಮಾಡಿಸಿಕೊಂಡರೆ ಸುಮಾರು 18 ಕಂತು ತಪ್ಪುತ್ತದೆ. ಕಟ್ಟಿದ 1 ಲಕ್ಷ ಕಳೆದರೂ ಉಳಿತಾಯ 3.7 ಲಕ್ಷದ ಹತ್ತಿರ. ಹೆಚ್ಚುವರಿ ಹಣ ಕಟ್ಟುವಾಗ ‘ಅವಧಿ ಕಡಿಮೆ ಮಾಡಿ’ ಎಂದು ಬರೆದುಕೊಡಿ. ಕೇಳದಿದ್ದರೆ ಕೆಲವು ಕಡೆ ಇಎಂಐ ಇಳಿಸಿ ಅವಧಿಯನ್ನು ಹಾಗೇ ಬಿಡುತ್ತಾರೆ, ಆಗ ಉಳಿತಾಯ ತೀರಾ ಕಡಿಮೆ.

ಸಾಲದ ಮೂಲ ನಿಯಮ ಒಂದೇ. ಬಾವಿಯ ಹೂಳೆತ್ತುವವರಿಗೆ ಇದು ಗೊತ್ತು: ಒರತೆಯ ನೀರು ಬರುವುದಕ್ಕಿಂತ ಹೆಚ್ಚು ಎತ್ತಿದರೆ ಮಾತ್ರ ತಳ ಕಾಣುತ್ತದೆ, ಬಂದಷ್ಟೇ ಎತ್ತುತ್ತಿದ್ದರೆ ಸಂಜೆಯವರೆಗೆ ದುಡಿದರೂ ಮಟ್ಟ ಇಳಿಯುವುದಿಲ್ಲ. ಬಡ್ಡಿಯೇ ಆ ಒರತೆ.

ಬಾಯಲ್ಲಿ ಹೇಳುವ ಬಡ್ಡಿ, ನಿಜವಾದ ಬಡ್ಡಿ

ಒಂದೇ ಬಡ್ಡಿಯನ್ನು ಬೇರೆ ಬೇರೆ ರೀತಿ ಹೇಳಬಹುದು. ಹೋಲಿಸಬೇಕಾದರೆ ಎಲ್ಲವನ್ನೂ ವರ್ಷದ ಲೆಕ್ಕಕ್ಕೆ, ಅದರಲ್ಲೂ ಇಳಿಯುವ ಅಸಲಿನ ಲೆಕ್ಕಕ್ಕೆ ತರಬೇಕು.

ಊರಿನ ಕೈಸಾಲದಲ್ಲಿ ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಶೇ 3, ವರ್ಷಕ್ಕೆ ಶೇ 36. ‘ನೂರಕ್ಕೆ ಐದು’ ಎಂದರೆ ಶೇ 60. ಇಲ್ಲಿ ಇನ್ನೊಂದು ತೊಡಕೂ ಇದೆ. ಕೈಸಾಲ ಕೊಟ್ಟವರು ಸಾಮಾನ್ಯವಾಗಿ ತಿಂಗಳು ತಿಂಗಳು ಬಡ್ಡಿ ಮಾತ್ರ ಕೇಳುತ್ತಾರೆ, ಅಸಲು ಇಡಿಯಾಗಿ ಒಮ್ಮೆಗೇ ಬೇಕು ಎನ್ನುತ್ತಾರೆ. 40,000 ರೂಪಾಯಿಗೆ ನೂರಕ್ಕೆ ಮೂರರಂತೆ ಮೂರು ವರ್ಷ ಬಡ್ಡಿ ಕಟ್ಟಿದರೆ 43,200 ರೂಪಾಯಿ ಹೋಗಿರುತ್ತದೆ, 40,000 ಹಾಗೇ ನಿಂತಿರುತ್ತದೆ.

‘ಫ್ಲಾಟ್’ ಬಡ್ಡಿ ಇನ್ನೊಂದು ಬಗೆ. ದ್ವಿಚಕ್ರ ವಾಹನ, ಮೊಬೈಲ್, ಟಿವಿ ಸಾಲಗಳಲ್ಲಿ ಇದು ಹೆಚ್ಚು. 1 ಲಕ್ಷ ರೂಪಾಯಿಗೆ ಶೇ 12 ಫ್ಲಾಟ್, ಎರಡು ವರ್ಷ ಎಂದರೆ 24,000 ಬಡ್ಡಿ ಸೇರಿಸಿ 1,24,000 ರೂಪಾಯಿಯನ್ನು 24 ಭಾಗ ಮಾಡುತ್ತಾರೆ. ತಿಂಗಳಿಗೆ 5,167. ಕೇಳಲು ಸರಳ. ಆದರೆ ನೀವು ಪ್ರತಿ ತಿಂಗಳೂ ಅಸಲು ಹಿಂತಿರುಗಿಸುತ್ತಾ ಬಂದಿದ್ದೀರಿ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 1 ಲಕ್ಷದ ಮೇಲೆ! ಇಳಿಯುವ ಅಸಲಿನ ಲೆಕ್ಕದಲ್ಲಿ ಇದು ಶೇ 21.5ರಷ್ಟಾಗುತ್ತದೆ. ಫ್ಲಾಟ್ ದರ ಕೇಳಿದಾಗ ಅದಕ್ಕೆ 1.8ರಿಂದ ಗುಣಿಸಿದರೆ ನಿಜದ ಅಂದಾಜು ಸಿಗುತ್ತದೆ.

ವಾರದ ವಸೂಲಿ ಸಾಲ ಇನ್ನೂ ದುಬಾರಿ. 10,000 ರೂಪಾಯಿ ಸಾಲ ಎಂದು ಬರೆದುಕೊಂಡು, 1,000 ಮೊದಲೇ ಮುರಿದುಕೊಂಡು ಕೈಗೆ 9,000 ಕೊಡುತ್ತಾರೆ. ಹತ್ತು ವಾರ ತಲಾ 1,000 ಕಟ್ಟಬೇಕು. ‘ಹತ್ತು ಪರ್ಸೆಂಟ್ ತಾನೇ’ ಎಂದು ಅನ್ನಿಸುತ್ತದೆ. ಹತ್ತೇ ವಾರಕ್ಕೆ, ಅದೂ ವಾರವಾರ ಇಳಿಯುವ ಅಸಲಿಗೆ ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು ಶೇ 1.96, ವರ್ಷಕ್ಕೆ ಶೇ 100ಕ್ಕೂ ಮೇಲೆ.

ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲದಲ್ಲಿ ಈ ಗೊಂದಲಕ್ಕೆ ಮದ್ದಿದೆ. 2024ರ ಅಕ್ಟೋಬರ್ 1ರಿಂದ ಪ್ರತಿ ಹೊಸ ಚಿಲ್ಲರೆ ಸಾಲಕ್ಕೂ ‘ಪ್ರಮುಖ ಅಂಶಗಳ ಹೇಳಿಕೆ’ ಎಂಬ ಪತ್ರ ಕೊಡುವುದು ಕಡ್ಡಾಯ. ಅದರಲ್ಲಿ ಎಪಿಆರ್ ಎಂಬ ಸಂಖ್ಯೆ ಇರುತ್ತದೆ: ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿದ ವಾರ್ಷಿಕ ದರ. ಎರಡು ಸಾಲ ಹೋಲಿಸುವಾಗ ನೋಡಬೇಕಾದದ್ದು ಇದನ್ನು, ಜಾಹೀರಾತಿನ ದರವನ್ನಲ್ಲ. ಪತ್ರದಲ್ಲಿ ಇಲ್ಲದ ಶುಲ್ಕವನ್ನು ಆಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’

ಸಂಬಳದಾರರ ಮನೆಗಳಲ್ಲಿ ಅತಿ ದುಬಾರಿ ಸಾಲ ಇದೇ. ಪ್ರತಿ ಬಿಲ್ಲನ್ನೂ ಗಡುವಿನೊಳಗೆ ಪೂರ್ತಿ ಕಟ್ಟುತ್ತಿದ್ದರೆ ಕಾರ್ಡಿಗೆ ಬಡ್ಡಿಯಿಲ್ಲ. ಒಂದು ರೂಪಾಯಿ ಬಾಕಿ ಉಳಿಸಿದರೂ ಬಡ್ಡಿರಹಿತ ಅವಧಿಯ ಸೌಲಭ್ಯ ಹೋಗುತ್ತದೆ. ಆಗ ಹಳೆಯ ಖರೀದಿಗೂ, ಆ ನಂತರದ ಪ್ರತಿ ಹೊಸ ಖರೀದಿಗೂ ಖರೀದಿಸಿದ ದಿನದಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆದರೆ ಬಡ್ಡಿರಹಿತ ದಿನವೇ ಇಲ್ಲ, ಮೇಲೆ ಶುಲ್ಕ ಬೇರೆ.

ಹಲವು ಕಾರ್ಡುಗಳ ದರ ತಿಂಗಳಿಗೆ ಶೇ 3.5ರ ಆಸುಪಾಸು. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. 50,000 ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ 1,750, ಜಿಎಸ್‌ಟಿ 315, ಒಟ್ಟು 2,065. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು 2,500 ರೂಪಾಯಿ ತೋರಿಸಿದೆ ಎನ್ನಿ. ಅದನ್ನು ಕಟ್ಟಿದರೆ ಅಸಲಿನಿಂದ ಇಳಿಯುವುದು 435 ರೂಪಾಯಿ.

ಕಾರ್ಡನ್ನು ಪೂರ್ತಿ ನಿಲ್ಲಿಸಿ ತಿಂಗಳಿಗೆ 2,500ರಂತೆ ಕಟ್ಟುತ್ತಾ ಹೋದರೆ ಈ 50,000 ತೀರಲು 44 ತಿಂಗಳು ಬೇಕು, ಒಟ್ಟು 1.08 ಲಕ್ಷ ಕಟ್ಟಿರುತ್ತೀರಿ. 5,000ರಂತೆ ಕಟ್ಟಿದರೆ 14 ತಿಂಗಳು, ಒಟ್ಟು ಸುಮಾರು 66,000. ಕಂತು ಎರಡು ಪಟ್ಟಾದಾಗ ಅವಧಿ ಮೂರನೇ ಒಂದಕ್ಕೆ ಇಳಿಯಿತು. ಕನಿಷ್ಠ ಮೊತ್ತ ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಕ್ರೆಡಿಟ್ ವರದಿ (ನಿಮ್ಮ ಸಾಲ, ಪಾವತಿಗಳ ದಾಖಲೆ) ಕೆಡುವುದಿಲ್ಲ. ಅದರ ಪ್ರಯೋಜನ ಅಷ್ಟಕ್ಕೇ ಮುಗಿಯಿತು.

ಮೊದಲು ಒಂದು ಹಾಳೆ

ಸಾಲದಲ್ಲಿ ಸಿಲುಕಿದ ಹೆಚ್ಚಿನವರಿಗೆ ಒಟ್ಟು ಮೊತ್ತ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತು ಮಾಡಿಕೊಳ್ಳಲು ಭಯವೂ ಇರುತ್ತದೆ, ಅದು ಸಹಜ. ಆದರೆ ಈ ಹಾಳೆ ಬರೆಯದೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿಲ್ಲ. ಪ್ರತಿ ಸಾಲಕ್ಕೂ ಒಂದು ಸಾಲು: ಯಾರಿಗೆ, ಇಂದಿನ ಬಾಕಿ ಅಸಲು, ವರ್ಷದ ನಿಜ ಬಡ್ಡಿ, ಈ ತಿಂಗಳ ಬಡ್ಡಿ ರೂಪಾಯಿಯಲ್ಲಿ, ಕನಿಷ್ಠ ಕಂತು, ಗಡುವು, ಭದ್ರತೆಗೆ ಏನು ಕೊಟ್ಟಿದ್ದೀರಿ (ಚಿನ್ನ, ಪತ್ರ, ಖಾಲಿ ಚೆಕ್, ಯಾರ ಜಾಮೀನು). ಗಂಡನಿಗೆ ತಿಳಿಯದ ಸಂಘದ ಸಾಲ, ಹೆಂಡತಿಗೆ ತಿಳಿಯದ ಆ್ಯಪ್ ಸಾಲ ಎರಡೂ ಅದೇ ಹಾಳೆಗೆ ಬರಬೇಕು. ಅರ್ಧ ಬರೆದ ಪಟ್ಟಿಯಿಂದ ಮಾಡಿದ ಯೋಜನೆ ಎರಡನೇ ತಿಂಗಳಲ್ಲೇ ಮುರಿಯುತ್ತದೆ.

ಮರೆತ ಸಾಲ ಹುಡುಕಲು ಕ್ರೆಡಿಟ್ ವರದಿ ತೆಗೆಯಿರಿ. ದೇಶದಲ್ಲಿ ಅದನ್ನು ಕೊಡುವ ಸಂಸ್ಥೆ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನೀವು ತೆಗೆದುಕೊಳ್ಳದ ಸಾಲ ಅದರಲ್ಲಿ ಕಂಡರೆ ತಕ್ಷಣ ತಕರಾರು ಸಲ್ಲಿಸಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಉದಾಹರಣೆಗೆ ಒಂದು ಮನೆಯ ಹಾಳೆ ಹೀಗಿದೆ ಎನ್ನೋಣ:

ಕ್ರೆಡಿಟ್ ಕಾರ್ಡ್: 50,000, ತಿಂಗಳ ಬಡ್ಡಿ ತೆರಿಗೆ ಸೇರಿ 2,065, ಕನಿಷ್ಠ 2,500
ಕೈಸಾಲ, ನೂರಕ್ಕೆ ಮೂರು: 40,000, ತಿಂಗಳ ಬಡ್ಡಿ 1,200
ಸಂಘದ ಕಿರುಸಾಲ, ಶೇ 24: 35,000, ಈ ತಿಂಗಳ ಬಡ್ಡಿ 700, ಕಂತು 2,578, ಉಳಿದಿರುವುದು 16 ತಿಂಗಳು
ಚಿನ್ನದ ಸಾಲ, ಶೇ 11: 80,000, ತಿಂಗಳ ಬಡ್ಡಿ 733

ಒಟ್ಟು ಸಾಲ 2,05,000. ತಿಂಗಳ ಬಡ್ಡಿ ಸುಮಾರು 4,700. ಮನೆಯವರ ತಲೆಯಲ್ಲಿ ದೊಡ್ಡ ಸಾಲ ಎಂದು ಕೂತಿರುವುದು ಚಿನ್ನದ್ದು, ಏಕೆಂದರೆ ಮೊತ್ತ ದೊಡ್ಡದು, ಮೇಲಾಗಿ ಅದು ತಾಯಿಯ ಒಡವೆ. ಆದರೆ 4,700ರಲ್ಲಿ 3,265 ರೂಪಾಯಿ ಎಳೆದುಕೊಳ್ಳುತ್ತಿರುವುದು ಕಾರ್ಡು ಮತ್ತು ಕೈಸಾಲ. ಹಾಳೆ ಬರೆದಾಗ ಮಾತ್ರ ಕಾಣುವ ಸಂಗತಿ ಇದು.

ಯಾವುದನ್ನು ಮೊದಲು ತೀರಿಸುವುದು

ಎಲ್ಲ ಸಾಲಕ್ಕೂ ಕನಿಷ್ಠ ಕಂತು ತಪ್ಪದೆ ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಹಾಕುವುದು ಲೆಕ್ಕದ ಪ್ರಕಾರ ಸರಿಯಾದ ಕ್ರಮ. ಅದು ತೀರಿದ ಮೇಲೆ ಅದರ ಕಂತನ್ನು ಮನೆಖರ್ಚಿಗೆ ಬಿಡದೆ ಮುಂದಿನ ದುಬಾರಿ ಸಾಲಕ್ಕೆ ಸೇರಿಸಬೇಕು. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಂಚುವುದು ನ್ಯಾಯವೆನಿಸಿದರೂ ಅದರಿಂದ ಯಾವುದೂ ಮುಗಿಯುವುದಿಲ್ಲ.

ಮೇಲಿನ ಮನೆಯಲ್ಲಿ ಕನಿಷ್ಠ ಕಟ್ಟಬೇಕಾದದ್ದು ಒಟ್ಟು 7,011 ರೂಪಾಯಿ. ಅಷ್ಟನ್ನೇ ಕಟ್ಟುತ್ತಾ ಹೋದರೆ 16 ತಿಂಗಳ ನಂತರ ಸಂಘದ ಸಾಲ ಮುಗಿಯುತ್ತದೆ. ಕಾರ್ಡಿಗೆ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಬೇಕು, ಕೈಸಾಲ ಮತ್ತು ಚಿನ್ನದ ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಹೇಗೋ ಹೊಂದಿಸಿ ತಿಂಗಳಿಗೆ 11,000 ತೆಗೆದಿಟ್ಟರೆ ಚಿತ್ರ ಪೂರ್ತಿ ಬೇರೆ. ಹೆಚ್ಚುವರಿ 4,000 ಕಾರ್ಡಿಗೆ ಹೋದಾಗ ಅದು ಹತ್ತನೇ ತಿಂಗಳಲ್ಲಿ ಮುಗಿಯುತ್ತದೆ. ಕಾರ್ಡಿನ 6,500ಕ್ಕೆ ಕೈಸಾಲದ 1,200 ಸೇರಿ 7,700 ಆಯಿತು. ಅಸಲನ್ನು ಭಾಗ ಭಾಗವಾಗಿ ತೆಗೆದುಕೊಳ್ಳಲು ಕೊಟ್ಟವರು ಒಪ್ಪಿದರೆ ಕೈಸಾಲ ಆರು ತಿಂಗಳಲ್ಲಿ, ಅಂದರೆ 16ನೇ ತಿಂಗಳಿಗೆ ತೀರುತ್ತದೆ. ಆಗಲೇ ಸಂಘದ ಸಾಲವೂ ಮುಗಿದಿರುತ್ತದೆ. ಉಳಿದ ಎಂಟು ತಿಂಗಳು ಪೂರ್ತಿ 11,000 ಚಿನ್ನಕ್ಕೆ. ಎರಡು ವರ್ಷಕ್ಕೆ ನಾಲ್ಕೂ ಸಾಲ ಮುಕ್ತಾಯ.

ಚಿಕ್ಕ ಸಾಲವನ್ನು ಮೊದಲು ಮುಗಿಸುವ ಕ್ರಮವೂ ಇದೆ. ಬಡ್ಡಿಯಲ್ಲಿ ಸ್ವಲ್ಪ ನಷ್ಟ. ಆದರೆ ಆರೇಳು ಕಡೆ ಸಾಲವಿದ್ದು, ದಿನಕ್ಕೊಬ್ಬರು ಬಾಗಿಲು ತಟ್ಟುವ ಮನೆಯಲ್ಲಿ ಎರಡು ಸಾಲ ಬೇಗ ಮುಗಿದರೆ ಉಸಿರಾಡಲು ಜಾಗ ಸಿಗುತ್ತದೆ. ದರಗಳು ಹತ್ತಿರ ಹತ್ತಿರ ಇದ್ದಾಗ ಈ ಕ್ರಮವೇ ಒಳ್ಳೆಯದು. ಒಂದು ಶೇ 50, ಇನ್ನೊಂದು ಶೇ 11 ಇದ್ದಾಗ ಅಲ್ಲ.

ಈ ಕ್ರಮಕ್ಕೆ ಎರಡು ಅಪವಾದಗಳಿವೆ. ಸಹಕಾರ ಸಂಘದ ಬೆಳೆಸಾಲಕ್ಕೆ ಕರ್ನಾಟಕದಲ್ಲಿ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಅಗ್ಗದ್ದೆಂದು ಅದನ್ನು ಮುಂದೂಡಿ ಗಡುವು ದಾಟಿಸಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ಎರಡನೆಯದು, ಗಿರವಿ ಇಟ್ಟ ಚಿನ್ನ ಹರಾಜಿಗೆ ಹತ್ತಿರ ಬಂದಿದ್ದರೆ ದರ ಎಷ್ಟೇ ಕಡಿಮೆ ಇದ್ದರೂ ಮೊದಲು ಅದರ ಬಡ್ಡಿ ಕಟ್ಟಿ ನವೀಕರಿಸಬೇಕು.

ಇನ್ನೊಂದು ಕೆಲಸವನ್ನು ಬಿಡಬೇಡಿ. ಕೈಯಲ್ಲಿದ್ದ ಕೊನೆಯ ರೂಪಾಯಿವರೆಗೂ ಸಾಲಕ್ಕೆ ಸುರಿದವರ ಮನೆಯಲ್ಲಿ ಒಂದು ಜ್ವರ, ಒಂದು ಮದುವೆ ಉಡುಗೊರೆ ಬಂದರೂ ಮತ್ತೆ ಕಾರ್ಡು ಹೊರಬರುತ್ತದೆ. ಮೊದಲು 10,000–15,000 ರೂಪಾಯಿ ಬೇರೆ ಖಾತೆಯಲ್ಲಿಟ್ಟು ಆಮೇಲೆ ಹೆಚ್ಚುವರಿ ಕಂತು ಶುರು ಮಾಡಿ. ಬಿಪಿಎಲ್ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಮಾಡಿಸಿಕೊಂಡಿದ್ದರೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಆಸರೆ ಇರುತ್ತದೆ. ಸಾಲ ತೀರಿಸುವ ಯೋಜನೆಯ ಭಾಗವೇ ಅದು.

ಸಾಲ ತೀರಿಸಲು ಸಾಲ ಮಾಡಬಹುದೇ

ಮಾಡಬಹುದು, ಷರತ್ತಿನ ಮೇಲೆ. ಹೊಸ ಸಾಲದ ದರ ಸ್ಪಷ್ಟವಾಗಿ ಕಡಿಮೆ ಇರಬೇಕು, ಹಣ ನೇರ ಹಳೆಯ ಸಾಲಕ್ಕೆ ಹೋಗಬೇಕು, ಹಳೆಯ ಬಾಗಿಲು ಮುಚ್ಚಬೇಕು.

50,000ದ ಕಾರ್ಡು ಬಾಕಿಯನ್ನು ಶೇ 16ರ ವೈಯಕ್ತಿಕ ಸಾಲಕ್ಕೆ ಎರಡು ವರ್ಷಕ್ಕೆ ಬದಲಿಸಿದರೆ ಕಂತು ಸುಮಾರು 2,450. ಶೇ 2 ಪ್ರೊಸೆಸಿಂಗ್ ಶುಲ್ಕ, ಅದರ ಜಿಎಸ್‌ಟಿ ಸೇರಿ 1,180. ಒಟ್ಟು ಕಟ್ಟುವುದು 60,000ದೊಳಗೆ. ಕಾರ್ಡಿಗೆ 44 ತಿಂಗಳು ಕಟ್ಟುತ್ತಿದ್ದ ಕಂತಿಗಿಂತ ತುಸು ಕಡಿಮೆ ಹಣದಲ್ಲೇ 24 ತಿಂಗಳಿಗೆ ಮುಗಿಯಿತು. ಮನೆಯಲ್ಲಿ ಬಳಸದ ಒಡವೆ ಇದ್ದರೆ ಬ್ಯಾಂಕಿನ ಚಿನ್ನದ ಸಾಲ ಇನ್ನೂ ಅಗ್ಗ. ಸ್ವಸಹಾಯ ಗುಂಪಿನಲ್ಲಿರುವ ಮಹಿಳೆಯರಿಗೆ ರಾಷ್ಟ್ರೀಯ ಜೀವನೋಪಾಯ ಅಭಿಯಾನದಡಿ ಗುಂಪಿಗೆ 3 ಲಕ್ಷದವರೆಗೆ ಶೇ 7ರ ಬ್ಯಾಂಕ್ ಸಾಲ ಸಿಗುತ್ತದೆ. ನೂರಕ್ಕೆ ಮೂರರ ಕೈಸಾಲ ಮುರಿಯಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಇದು ಕೈಕೊಡುವುದು ಒಂದೇ ಜಾಗದಲ್ಲಿ: ಬಾಕಿ ಸೊನ್ನೆಯಾದ ಕಾರ್ಡನ್ನು ಮತ್ತೆ ಉಜ್ಜತೊಡಗಿದಾಗ. ಆರು ತಿಂಗಳಲ್ಲಿ ಎರಡೂ ಸಾಲ ತಲೆ ಮೇಲಿರುತ್ತವೆ. ಕಾರ್ಡು ಮುಚ್ಚಲು ಲಿಖಿತವಾಗಿ ಕೇಳಿದರೆ, ಬಾಕಿ ಇಲ್ಲದಿದ್ದಲ್ಲಿ, ಬ್ಯಾಂಕು 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕರಿಗೆ ಕೊಡಬೇಕು.

ಒಂದು ಕಿರುಸಾಲದ ಕಂತಿಗೆ ಇನ್ನೊಂದು ಕಿರುಸಾಲ ತೆಗೆಯುವುದನ್ನು ಮಾತ್ರ ಇಲ್ಲಿಗೆ ಸೇರಿಸಬೇಡಿ. ದರ ಕಡಿಮೆಯಾಗುವುದಿಲ್ಲ, ಒಂದು ವಾರದ ನೆಮ್ಮದಿಗೆ ಎರಡು ವರ್ಷದ ಕಂತು ಗಂಟುಬೀಳುತ್ತದೆ. 2025ರ ಬಿಕ್ಕಟ್ಟಿನ ಹಲವು ಮನೆಗಳಲ್ಲಿ ನಡೆದದ್ದು ಇದೇ. ಇದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ: ವರ್ಷಕ್ಕೆ 3 ಲಕ್ಷದವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಕಿರುಸಾಲದಲ್ಲಿ, ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಅದೇ ನಿಯಮದ ಪ್ರಕಾರ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ.

ಕಂತು ತಪ್ಪಿದರೆ

ಗಡುವು ದಾಟಿದ ಮರುದಿನದಿಂದ ಖಾತೆ ‘ವಿಶೇಷ ನಿಗಾ’ ಪಟ್ಟಿಗೆ ಹೋಗುತ್ತದೆ. 30 ದಿನ ಒಂದು ಹಂತ, 60 ದಿನ ಎರಡನೆಯದು. 90 ದಿನ ದಾಟಿದರೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಮೊದಲ ಕಂತು ತಪ್ಪುವ ಮುನ್ನವೇ ಶಾಖೆಗೆ ಹೋಗಿ ಬರಹದಲ್ಲಿ ಅರ್ಜಿ ಕೊಟ್ಟವರಿಗೆ ಆಯ್ಕೆ ಹೆಚ್ಚು: ಅವಧಿ ಹಿಗ್ಗಿಸಿ ಕಂತು ಇಳಿಸುವುದು, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವುದು. ಕೆಲಸ ಹೋದ ಪತ್ರ, ಆಸ್ಪತ್ರೆ ಬಿಲ್ಲು, ಬೆಳೆ ನಷ್ಟದ ದಾಖಲೆ ಏನಿದೆಯೋ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಫೋನ್ ಎತ್ತದೆ ತಪ್ಪಿಸಿಕೊಂಡರೆ ಈ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ತಪ್ಪಿದ ಕಂತಿಗೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2024ರಿಂದ ನಿಲ್ಲಿಸಿದೆ. ಸ್ಟೇಟ್‌ಮೆಂಟಿನಲ್ಲಿ ಅಂಥದ್ದು ಕಂಡರೆ ಪ್ರಶ್ನಿಸಿ.

ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅದೊಂದೇ ಕಾರಣಕ್ಕೆ ಪೊಲೀಸರು ಬಂಧಿಸುವಂತಿಲ್ಲ. ಚೆಕ್ ಅಮಾನ್ಯವಾದರೆ ಮಾತ್ರ ಬೇರೆ: ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕಟ್ಟದಿದ್ದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು, ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ವ್ಯವಸ್ಥೆಗೂ ಇಂಥದ್ದೇ ಕಾನೂನಿದೆ. ಹಾಗಾಗಿ ಕೈಸಾಲಕ್ಕೆ ಸಹಿ ಮಾಡಿದ ಖಾಲಿ ಚೆಕ್ ಕೊಡುವುದು ಬಹಳ ಅಪಾಯ. ಜಾಮೀನು ಹಾಕಿದವರಿಗೂ ಒಂದು ಮಾತು: ಕಾನೂನಿನಲ್ಲಿ ಜಾಮೀನುದಾರರ ಹೊಣೆ ಸಾಲಗಾರರಷ್ಟೇ, ‘ಸುಮ್ಮನೆ ಒಂದು ಸಹಿ’ ಎಂಬುದಿಲ್ಲ.

ವಸೂಲಿಗೆ ಬಂದವರಿಗೆ ಇರುವ ಗಡಿ, ಮತ್ತು 2025ರ ಕಾಯ್ದೆ

ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಉಳಿದ ಸಾಲಗಳಿಗೆ ಬೆಳಿಗ್ಗೆ 8 ಮತ್ತು ಸಂಜೆ 7. ಬೈಗುಳ, ಬೆದರಿಕೆ, ನೆರೆಹೊರೆಯವರೆದುರು ಅವಮಾನ, ನೆಂಟರಿಗೆ ಸಹೋದ್ಯೋಗಿಗಳಿಗೆ ಕರೆ ಮಾಡಿ ಕಾಡುವುದು ನಿಷಿದ್ಧ. ‘ಏಜೆನ್ಸಿಯವರು ಮಾಡಿದ್ದು, ನಮಗೆ ಸಂಬಂಧವಿಲ್ಲ’ ಎಂದು ಬ್ಯಾಂಕು ಜಾರಿಕೊಳ್ಳುವಂತಿಲ್ಲ.

ದೂರಿಗೆ ಕ್ರಮವಿದೆ. ಮೊದಲು ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ತಿರಸ್ಕರಿಸಿದರೆ ಅಥವಾ 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತ ದೂರು, ಮಾಹಿತಿಗೆ 14448. ಬೆದರಿಕೆ ಇದ್ದರೆ ಕಾಯಬೇಡಿ, ನೇರ ಪೊಲೀಸರಿಗೆ, 112. ಕರೆಗಳ ಧ್ವನಿಮುದ್ರಣ, ಸಂದೇಶ, ದಿನಾಂಕ ಎಲ್ಲ ಉಳಿಸಿಕೊಳ್ಳಿ.

ಈಗ ಮೊದಲ ಪ್ರಶ್ನೆಗೆ: ಸಾಲ ಮನ್ನಾ ಆಯಿತೇ? ಕರ್ನಾಟಕದ ಕಾಯ್ದೆ ಸಾಲ ಕೊಡುವ ಸಂಸ್ಥೆಗಳು, ಲೇವಾದೇವಿದಾರರು ನೋಂದಣಿ ಮಾಡಿಸಬೇಕು ಎನ್ನುತ್ತದೆ, ಅಡವು ಇಟ್ಟುಕೊಳ್ಳುವುದನ್ನು ತಡೆಯುತ್ತದೆ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ ವಿಧಿಸುತ್ತದೆ. ರೈತರು, ಮಹಿಳೆಯರು, ಕೂಲಿಕಾರರಂಥ ದುರ್ಬಲ ವರ್ಗದವರಿಗೆ ನೋಂದಣಿಯಿಲ್ಲದ, ಪರವಾನಗಿಯಿಲ್ಲದವರು ಕೊಟ್ಟ ಸಾಲ ತೀರಿದಂತೆ ಎಂದು ಅದು ಹೇಳುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಹಣಕಾಸು ಕಂಪನಿಗಳ ಸಾಲಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಸಂಘದ ಕಿರುಸಾಲಗಳಲ್ಲಿ ಬಹುಪಾಲು ಇಂಥ ಕಂಪನಿಗಳದ್ದೇ. ‘ಮನ್ನಾ ಆಯಿತು’ ಎಂದು ಕಂತು ನಿಲ್ಲಿಸಿದವರ ಕ್ರೆಡಿಟ್ ವರದಿ ಕೆಡುತ್ತದೆ, ಬಾಕಿ ಬೆಳೆಯುತ್ತದೆ. ನಿಮ್ಮ ಸಾಲದ ಕಾರ್ಡಿನ ಮೇಲಿರುವ ಕಂಪನಿ ಹೆಸರನ್ನು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ಹುಡುಕಿದರೆ ಯಾವ ಗುಂಪು ಎಂಬುದು ತಿಳಿಯುತ್ತದೆ.

ಮೀಟರ್ ಬಡ್ಡಿಗೆ, ಅಂದರೆ ಕೈಸಾಲದ ವಿಪರೀತ ಬಡ್ಡಿಗೆ, ಹಳೆಯ ಕಾನೂನುಗಳೂ ಇವೆ: 1961ರ ಲೇವಾದೇವಿ ಕಾಯ್ದೆ, 2004ರ ದುಬಾರಿ ಬಡ್ಡಿ ನಿಷೇಧ ಕಾಯ್ದೆ. ಪರವಾನಗಿ ಇರುವ ಲೇವಾದೇವಿದಾರರು ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಆ್ಯಪ್ ಸಾಲದಲ್ಲಿ ಹಣ ನೋಂದಾಯಿತ ಸಂಸ್ಥೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು. ಮೊಬೈಲಿನ ಫೋಟೊ, ಸಂಪರ್ಕ ಪಟ್ಟಿ ಕೇಳುವ ಆ್ಯಪ್ ನಿಯಮ ಮುರಿಯುತ್ತಿದೆ. ಚಿತ್ರ ತಿರುಚಿ ಬೆದರಿಸಿದರೆ ಅದು ಸೈಬರ್ ಅಪರಾಧ, ಕರೆ ಮಾಡಬೇಕಾದ ಸಂಖ್ಯೆ 1930. ಇಂಥ ಬೆದರಿಕೆಗೆ ಹಣ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಇದೆಲ್ಲದರ ಒತ್ತಡದಲ್ಲಿ ಬದುಕೇ ಬೇಡ ಎನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಯಾವ ಸಾಲಕ್ಕೂ ಪ್ರಾಣ ಜಾಮೀನಲ್ಲ.

‘ಸೆಟ್ಲ್‌ಮೆಂಟ್’ ಮಾಡುವಾಗ

ಪೂರ್ತಿ ಕಟ್ಟಲು ದಾರಿಯೇ ಇಲ್ಲದಾಗ ಒಂದು ಮೊತ್ತಕ್ಕೆ ಒಪ್ಪಂದವಾಗಿ ಸಾಲ ಮುಗಿಸಬಹುದು. ಕ್ರೆಡಿಟ್ ವರದಿಯಲ್ಲಿ ಆಗ ‘ಮುಕ್ತಾಯ’ದ ಬದಲು ‘ಸೆಟಲ್ಡ್’ ಎಂದು ಬರುತ್ತದೆ, ಅದನ್ನು ನೋಡಿದವರು ಹೊಸ ಸಾಲ ಕೊಡಲು ಹಿಂಜರಿಯುತ್ತಾರೆ. ಆದರೂ ಬೆಳೆಯುತ್ತಲೇ ಇರುವ ಸಾಲಕ್ಕಿಂತ ಇದು ವಾಸಿ.

ತಪ್ಪಾಗುವುದು ಕಾಗದದಲ್ಲಿ. ಏಜೆಂಟರ ಬಾಯಿಮಾತು ನಂಬಿ ಹಣ ಕಟ್ಟಿದವರಿಗೆ ಆರು ತಿಂಗಳ ನಂತರ ‘ಬಾಕಿ ಇದೆ’ ಎಂದು ನೋಟಿಸ್ ಬರುತ್ತದೆ. ಮೊದಲು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಗಡುವು, ‘ಇದರ ನಂತರ ಯಾವ ಬಾಕಿಯೂ ಇಲ್ಲ’ ಎಂಬ ಮಾತು ಇರುವ ಪತ್ರ ಪಡೆಯಿರಿ. ಆಮೇಲೆ ಸಾಲದ ಖಾತೆಗೇ ಹಣ ಕಟ್ಟಿ, ಯಾರ ವೈಯಕ್ತಿಕ ಯುಪಿಐಗೂ ಅಲ್ಲ. ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಇನ್ನೂ ಗಟ್ಟಿ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ಅದರ ತೀರ್ಪು ಅಂತಿಮ. ಕಾನೂನು ಸೇವಾ ಪ್ರಾಧಿಕಾರದ 15100ರಲ್ಲಿ ಸಲಹೆ ಸಿಗುತ್ತದೆ.

ಕೊನೆಯ ಕಂತಿನ ನಂತರ

ಹಣ ಕಟ್ಟಿ ಮುಗಿದರೂ ಕಾಗದದಲ್ಲಿ ಸಾಲ ಉಳಿದಿರಬಹುದು. ಪ್ರತಿ ಸಾಲಕ್ಕೂ ‘ಬಾಕಿ ಇಲ್ಲ’ ಪ್ರಮಾಣಪತ್ರ ಪಡೆಯಿರಿ. ಕೈಸಾಲವಾದರೆ ಪ್ರೋನೋಟು, ಖಾಲಿ ಚೆಕ್, ಸ್ಟಾಂಪ್ ಪೇಪರ್ ವಾಪಸ್ ಪಡೆದು, ‘ಪೂರ್ತಿ ಸಂದಾಯವಾಗಿದೆ’ ಎಂದು ಸಹಿ ಹಾಕಿಸಿಕೊಳ್ಳಿ. ಭಾಗ ಅಸಲು ಕೊಟ್ಟಾಗಲೂ ಪ್ರೋನೋಟಿನ ಹಿಂಬದಿಯಲ್ಲಿ ಮೊತ್ತ, ದಿನಾಂಕ ಬರೆಸಬೇಕು.

ಗೃಹಸಾಲದ ಮೂಲ ದಾಖಲೆಗಳನ್ನು ಪೂರ್ತಿ ಪಾವತಿಯಾದ 30 ದಿನದೊಳಗೆ ಹಿಂತಿರುಗಿಸಬೇಕು, ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ವಾಹನ ಸಾಲವಾದರೆ ಕಂಪನಿಯ ನಿರಾಕ್ಷೇಪಣಾ ಪತ್ರವಾದ ಎನ್‌ಒಸಿ ಮತ್ತು ನಮೂನೆ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಸಾಲದ ನಮೂದನ್ನು ತೆಗೆಸಬೇಕು. ಇದನ್ನು ಬಿಟ್ಟವರಿಗೆ ಗಾಡಿ ಮಾರುವ ದಿನ ತೊಂದರೆ, ಅಷ್ಟರಲ್ಲಿ ಎನ್‌ಒಸಿಯ ಅವಧಿ ಮುಗಿದಿರುತ್ತದೆ. ಬೆಳೆಸಾಲ ತೀರಿಸಿದ ರೈತರು ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು, ಒಂದೆರಡು ವಾರದ ನಂತರ ಹೊಸ ಪಹಣಿ ತೆಗೆಸಿ 11ನೇ ಕಲಂ ನೋಡಬೇಕು. ಅಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಶಾಖೆಗೆ ಮತ್ತೆ ಹೋಗಿ ತೆಗೆಸುವವರೆಗೆ ಬಿಡಬೇಡಿ.